ನೂರಕ್ಕೆ 99 ಸರಿ, ಆದರೂ ಸಾಲದು

ಒಂದು ಸರ್ಕ್ಯೂಟ್ ಬೋರ್ಡ್. ಅದರಲ್ಲಿ 100 ಬೆಸುಗೆ. ಪ್ರತಿ ಬೆಸುಗೆಯೂ ಸರಿಯಾಗುವ ಸಾಧ್ಯತೆ ಶೇ. 99. ಕೇಳಲು ಚೆನ್ನಾಗಿದೆ. ಆದರೆ ಬೋರ್ಡ್ ಪಾಸಾಗಲು ನೂರೂ ಸರಿಯಾಗಬೇಕಲ್ಲ! ಲೆಕ್ಕ ಹಾಕಿದರೆ, ಒಂದೂ ದೋಷವಿಲ್ಲದೆ ಹೊರಬರುವ ಬೋರ್ಡುಗಳು ನೂರಕ್ಕೆ ಸುಮಾರು 37 ಮಾತ್ರ.

ಅಮೆರಿಕದ ಮೊಟೊರೊಲಾ ಕಂಪನಿಯಲ್ಲಿ ಎಂಜಿನಿಯರ್ ಬಿಲ್ ಸ್ಮಿತ್ 1986ರಲ್ಲಿ ರೂಪಿಸಿದ ಸಿಕ್ಸ್ ಸಿಗ್ಮಾ ಪದ್ಧತಿಯಲ್ಲಿ ಎಣಿಕೆ ನೂರಕ್ಕಲ್ಲ, ಹತ್ತು ಲಕ್ಷಕ್ಕೆ.

ಸಿಕ್ಕ ದೋಷಗಳನ್ನು, ದೋಷ ನುಸುಳಬಹುದಾದ ಒಟ್ಟು ಅವಕಾಶಗಳಿಂದ ಭಾಗಿಸಿ, ಹತ್ತು ಲಕ್ಷದಿಂದ ಗುಣಿಸಬೇಕು. 500 ಬೋರ್ಡು, ತಲಾ 100 ಬೆಸುಗೆ, ಒಟ್ಟು 25 ದೋಷ ಎಂದರೆ ಹತ್ತು ಲಕ್ಷಕ್ಕೆ 500. ಸಿಗ್ಮಾ ಎಂದರೆ ಅಳತೆಗಳು ಸರಾಸರಿಯಿಂದ ಚದುರುವ ಪ್ರಮಾಣ; ಸರಾಸರಿಗೂ ಅನುಮತಿಸಿದ ಮಿತಿಗೂ ನಡುವೆ ಎಷ್ಟು ಸಿಗ್ಮಾ ಹಿಡಿಸುತ್ತದೋ ಅದೇ ಸಿಗ್ಮಾ ಮಟ್ಟ. ಮೂರು ಸಿಗ್ಮಾ ಮಟ್ಟದಲ್ಲಿ ಹತ್ತು ಲಕ್ಷಕ್ಕೆ ದೋಷಗಳ ಸಂಖ್ಯೆ 66,807. ನಾಲ್ಕಕ್ಕೆ 6,210. ಆರಕ್ಕೆ? ಬರೀ 3.4.

ಈ 3.4ರೊಳಗೆ ಒಂದು ಊಹೆ ಅಡಗಿದೆ. ಕಾಲ ಕಳೆದಂತೆ ಉಪಕರಣ ಸವೆದು, ಹೊಂದಿಕೆ ತಪ್ಪಿ, ಪ್ರಕ್ರಿಯೆಯ ಸರಾಸರಿಯೇ 1.5 ಸಿಗ್ಮಾದಷ್ಟು ಸರಿಯುತ್ತದೆ ಎಂದು ಮೊದಲೇ ಹಿಡಿದಿದ್ದಾರೆ. ಎಲ್ಲ ಕಾರ್ಖಾನೆಗೂ ಅದೇ 1.5 ಏಕೆ ಎಂಬುದು ಹಲವು ಸಂಖ್ಯಾಶಾಸ್ತ್ರಜ್ಞರ ತಕರಾರು. ನ್ಯಾಯವಾದದ್ದೇ.

ಇನ್ನೊಂದು ಕೈಚಳಕವೂ ಉಂಟು: ಅವಕಾಶಗಳ ಸಂಖ್ಯೆ ಉಬ್ಬಿಸಿದರೆ ಕೆಟ್ಟ ಕೆಲಸಕ್ಕೂ ಒಳ್ಳೆಯ ಅಂಕ ಸಿಗುತ್ತದೆ. ಯಾರಾದರೂ ಸಿಗ್ಮಾ ಮಟ್ಟ ತೋರಿಸಿದರೆ, ಅವಕಾಶಗಳನ್ನು ಹೇಗೆ ಎಣಿಸಿದಿರಿ ಎಂದು ಮೊದಲು ಕೇಳಿ.