ಪಚ್ಚಿಲೆಯ ಚಿಪ್ಪು ಮತ್ತು ಇಂಗಾಲದ ಲೆಕ್ಕ



ಪಚ್ಚಿಲೆ ಸಾಕುವ ಕೆಲಸ ಕರಾವಳಿಯವರಿಗೆ ಹೊಸದೇನಲ್ಲ. ಮಳೆಗಾಲ ಕಳೆದು ಅಳಿವೆಯ ನೀರು ಮತ್ತೆ ಉಪ್ಪಾದ ಮೇಲೆ, ಬಂಡೆಯಿಂದ ಬಿಡಿಸಿ ತಂದ ಮರಿಗಳನ್ನು ಹತ್ತಿಯ ಬಲೆಬಟ್ಟೆಯಲ್ಲಿ ಹಗ್ಗಕ್ಕೆ ಸುತ್ತಿ ನೀರಿಗೆ ಇಳಿಬಿಡುತ್ತೇವೆ. ಕೆಲವು ದಿನಗಳಲ್ಲಿ ಬಟ್ಟೆ ಕೊಳೆತು ಹೋಗುತ್ತದೆ. ಅಷ್ಟರೊಳಗೆ ಮರಿ ತನ್ನ ನಾರಿನಿಂದ ಹಗ್ಗವನ್ನು ಭದ್ರವಾಗಿ ಹಿಡಿದಿರುತ್ತದೆ. ಮುಂದಿನ ಮಳೆಗೆ ಮೊದಲೇ ಕೊಯ್ಲು. ಘಟ್ಟದ ಮೇಲಿನವರು ಇದನ್ನು ನೀರೊಳಗಿನ ಮೆಣಸಿನ ಬಳ್ಳಿ ಅಂತ ತಿಳಿದುಕೊಂಡರೆ ಸಾಕು.

ಈ ಬೆಳೆಗೆ ಈಚೆಗೆ ಒಂದು ಹೊಸ ಹೊಗಳಿಕೆ ಸೇರಿದೆ. ಚಿಪ್ಪಿನಲ್ಲಿ ಇಂಗಾಲವಿದೆ, ಆದ್ದರಿಂದ ಪಚ್ಚಿಲೆ ಬೆಳೆದರೆ ಗಾಳಿಯ ಇಂಗಾಲಾಮ್ಲ ವಾಯು ಕಡಿಮೆಯಾಗುತ್ತದೆ, ಅದಕ್ಕೆ ಹಣವೂ ಬಂದೀತು, ಎನ್ನುವ ಮಾತು. ಆ ಹಣ ನಂಬಿ ಸಾಲ ಮಾಡಿ ನಾಲ್ಕು ಹಗ್ಗ ಹೆಚ್ಚು ಕಟ್ಟೋಣವೆ? ಸ್ವಲ್ಪ ತಾಳಿ.

ಚಿಪ್ಪಿನಲ್ಲಿ ಇಂಗಾಲ ಇರುವುದು ನಿಜ. ಚಿಪ್ಪು ಹೆಚ್ಚುಕಡಿಮೆ ಪೂರಾ ಸುಣ್ಣದ ಕಲ್ಲೇ. ಅಂಥ 100 ಕಿಲೋ ಕಲ್ಲಿನಲ್ಲಿ 12 ಕಿಲೋ ಇಂಗಾಲ. ವಾಯುವಿನ ತೂಕದಲ್ಲಿ ಹೇಳಿದರೆ 44 ಕಿಲೋ. ಆದರೆ ಮರ ಗಾಳಿಯಿಂದ ಇಂಗಾಲ ಹೀರುವ ಹಾಗೆ ಪಚ್ಚಿಲೆ ಹೀರುವುದಿಲ್ಲ. ಸಮುದ್ರದ ನೀರಿನಲ್ಲಿ ಮೊದಲೇ ಕರಗಿರುವ ಲವಣದಿಂದ ಅದು ಚಿಪ್ಪು ಕಟ್ಟುತ್ತದೆ. ಆ ಲವಣದ ಎರಡು ಪಾಲು ತೆಗೆದುಕೊಂಡು, ಒಂದನ್ನು ಚಿಪ್ಪಿಗೆ ಹಾಕಿ, ಇನ್ನೊಂದನ್ನು ಇಂಗಾಲಾಮ್ಲವಾಗಿ ನೀರಿಗೇ ಬಿಡುತ್ತದೆ! ಬಿಟ್ಟಿದ್ದರಲ್ಲಿ ಕೊಂಚವನ್ನು ಸಮುದ್ರವೇ ಮತ್ತೆ ಹಿಡಿದುಕೊಳ್ಳುತ್ತದೆ. ಉಳಿದದ್ದು, 100 ಕಿಲೋ ಚಿಪ್ಪಿಗೆ ಸುಮಾರು 26 ಕಿಲೋ, ಗಾಳಿಯ ಕಡೆಗೆ ಹೊರಡುತ್ತದೆ. ಪಚ್ಚಿಲೆ ಉಸಿರಾಡಿ ಬಿಡುವುದು ಇದಲ್ಲದೆ ಬೇರೆ. ಜಮೆ ಎಂದು ಬರೆದದ್ದು ಖರ್ಚಿನ ಕಡೆಗೆ ಹೋಯಿತು, ನೋಡಿ.

ಹಾಗಾದರೆ ವಿಜ್ಞಾನಿಗಳು ಒಮ್ಮತಕ್ಕೆ ಬರಲಿಲ್ಲವೇ ಅಂತ ಕೇಳುತ್ತೀರಿ. ಇಲ್ಲ. 2011ರಲ್ಲಿ ಚೀನಾ ದೇಶದ ಟಾಂಗ್ ಚಿಶೆಂಗ್ ಮತ್ತು ಸಂಗಡಿಗರು, ಚಿಪ್ಪುಜೀವಿ ಹಾಗೂ ಕಡಲ ಪಾಚಿಯ ಕೊಯ್ಲಿನಿಂದ ತಮ್ಮ ದೇಶದ ಸಮುದ್ರದಿಂದ ವರ್ಷಕ್ಕೆ ಸುಮಾರು 12 ಲಕ್ಷ ಟನ್ ಇಂಗಾಲ ಹೊರಬರುತ್ತದೆಂದು ಎಣಿಸಿದರು. 2024ರಲ್ಲಿ ಫ್ರಾನ್ಸಿನ ಫಾಬ್ರಿಸ್ ಪರ್ನೆ ಮತ್ತು ಜೊತೆಗಾರರು, ಚಿಪ್ಪಿನ ಬೇಸಾಯ ಇಂಗಾಲಾಮ್ಲವನ್ನು ಹೀರುವ ಉದ್ಯೋಗವೇ ಅಲ್ಲ ಎಂದು ಬರೆದರು. ಜಗಳ ತಕ್ಕಡಿಯದಲ್ಲ, ಬದುವಿನದು. ಲೆಕ್ಕದ ಹೊಲಕ್ಕೆ ಬದು ಎಲ್ಲಿ ಹಾಕುವುದು? ಚಿಪ್ಪಿಗೆ ಮಾತ್ರವೋ, ಪಚ್ಚಿಲೆಯ ಹಿಕ್ಕೆ ಬಿದ್ದು ಕೆಸರಿನಲ್ಲಿ ಹೂತುಹೋಗುವ ಇಂಗಾಲವನ್ನೂ ಸೇರಿಸಿಯೋ? ಆ ಹಿಕ್ಕೆ ಒಂದು ಅಳಿವೆಯಲ್ಲಿ ಹೂತು ಉಳಿದೀತು, ಇನ್ನೊಂದರಲ್ಲಿ ಕೊಳೆತು ಪುನಃ ವಾಯುವಾದೀತು. ನೀರಿನ ಸೆಳೆತ, ಉಪ್ಪು, ಕೆಸರು ಎಲ್ಲವೂ ಊರಿಂದ ಊರಿಗೆ ಬೇರೆ. ಒಂದು ಕಡೆಯ ಅಂಕಿ ಇನ್ನೊಂದು ಕಡೆಗೆ ಒಗ್ಗುವುದಿಲ್ಲ.

ಕೊಯ್ಲಾದ ಮೇಲಿನ ಚಿಪ್ಪಿನ ಕಥೆಯೂ ಉಂಟು. ಸುಣ್ಣದ ಗೂಡಿಗೆ ಹಾಕಿ ಸುಟ್ಟರೆ 100 ಕಿಲೋಗೆ 56 ಕಿಲೋ ಸುಣ್ಣ ಉಳಿದು, ಮಿಕ್ಕ 44 ಕಿಲೋ ಹೊಗೆಯೊಡನೆ ಹೋಯಿತು. ಅದೇ ಸುಣ್ಣ ಗೋಡೆಗೆ ಬಳಿದಾಗ ಗಾಳಿಯಿಂದ ಅದನ್ನು ನಿಧಾನವಾಗಿ ವಾಪಸು ಎಳೆದುಕೊಳ್ಳುತ್ತದೆ. ಎಲೆಯಡಿಕೆಗೆ ಹಚ್ಚಿದ್ದನ್ನು ಯಾರು ಲೆಕ್ಕ ಇಟ್ಟಾರು?

ಇದರಿಂದ ಪಚ್ಚಿಲೆ ಕೃಷಿ ಕೆಟ್ಟದ್ದು ಅಂತ ಆಗಲಿಲ್ಲ. ಅದಕ್ಕೆ ಹಿಂಡಿ ಬೇಡ, ಗೊಬ್ಬರ ಬೇಡ. ನೀರಿನಲ್ಲಿರುವ ಸೂಕ್ಷ್ಮ ಸಸ್ಯಗಳನ್ನೇ ಸೋಸಿ ತಿಂದು ಒಳ್ಳೆಯ ಮಾಂಸ ಕೊಡುತ್ತದೆ. ಮಾಂಸಕ್ಕೆ ಸಿಗುವ ಬೆಲೆಯಲ್ಲಿ ಹಗ್ಗ, ಗಳ, ಕೂಲಿ ಗಿಟ್ಟುವುದಾದರೆ ಕಟ್ಟಿ. ಇಂಗಾಲದ ಹಣವೆಂದು ಯಾರಾದರೂ ಕಾಗದ ತಂದರೆ, ರುಜು ಹಾಕುವ ಮೊದಲು ಮೂರು ಮಾತು ಕೇಳಿ: ಚಿಪ್ಪು ಕಟ್ಟುವಾಗ ಹೊರಟ ವಾಯುವನ್ನು ಕಳೆದಿದ್ದೀರಾ? ನಮ್ಮ ಅಳಿವೆಯಲ್ಲೇ ಅಳೆದಿದ್ದೀರಾ? ನಾಳೆ ನಾವು ಚಿಪ್ಪನ್ನು ಗೂಡಿಗೆ ಮಾರಿದರೆ ಕೊಟ್ಟ ಹಣ ವಾಪಸು ಕೇಳುತ್ತೀರಾ?