ಎರಡು ಬದಿಗೂ ಒಂದೇ ಭಾಷೆ

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಂತಹ ಊರಿನ ಸಹಕಾರ ಸಂಘವೊಂದು ತನ್ನ ಸದಸ್ಯರ ಅರ್ಜಿ, ಷೇರು ಹಣ, ಸಾಲಗಳ ಲೆಕ್ಕವನ್ನು ಜಾಲತಾಣದ ಮೂಲಕ ನಡೆಸಲು ಮನಸ್ಸು ಮಾಡಿತೆಂದು ಭಾವಿಸೋಣ. ರೈತನು ಮೊಬೈಲಿನಲ್ಲಿ ಕಾಣುವ ಪುಟವನ್ನೂ, ಅವನು ತುಂಬಿ ಕಳುಹಿಸಿದ್ದನ್ನು ಪರೀಕ್ಷಿಸಿ ಡೇಟಾಬೇಸಿನಲ್ಲಿ ಇರಿಸುವ ಸರ್ವರಿನ ಭಾಗವನ್ನೂ ಒಬ್ಬರೇ ಕಟ್ಟುವ ಕೆಲಸಕ್ಕೆ ಫುಲ್ ಸ್ಟ್ಯಾಕ್ ಎನ್ನುತ್ತಾರೆ. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ 10 ದಿನಗಳಲ್ಲಿ ಮೊದಲ ರೂಪ ಕೊಟ್ಟ ಜಾವಾಸ್ಕ್ರಿಪ್ಟ್ ಎಂಬ ಭಾಷೆ, ಬಹುಮಟ್ಟಿಗೆ ಬ್ರೌಸರಿನೊಳಗೇ ಇದ್ದು, 2009ರಲ್ಲಿ ರಯಾನ್ ಡಾಲ್ ಅದನ್ನು ಬ್ರೌಸರಿನ ಹೊರಗೂ ಓಡಿಸುವ ನೋಡ್ ಜೆಎಸ್ ಅನ್ನು ನಿರ್ಮಿಸಿದ ತರುವಾಯ ಸರ್ವರಿನಲ್ಲಿಯೂ ಪ್ರಬಲವಾಗಿ ನೆಲೆಯೂರಿತು.

ಎರಡು ಬದಿಗೂ ಒಂದೇ ಭಾಷೆ ಇರುವುದರ ಗುಣವು ಕನ್ನಡಿಗನಿಗೆ ಒಂದು ಊರಿನ ಹೆಸರಿನಲ್ಲಿಯೇ ಕಾಣುತ್ತದೆ. ‘ಕೂಡ್ಲಿಗಿ’ ಎಂಬುದು ನಮ್ಮ ಕಣ್ಣಿಗೆ ಮೂರೇ ಅಕ್ಷರ. ದೀರ್ಘ, ಗುಡಿಸು, ಒತ್ತುಗಳನ್ನು ಬಿಡಿಬಿಡಿಯಾಗಿ ಎಣಿಸುವ ಜಾವಾಸ್ಕ್ರಿಪ್ಟಿಗೆ ಅದು 8. ಬೈಟುಗಳನ್ನು ಎಣಿಸುವ, ಸರ್ವರಿನ ಇನ್ನೊಂದು ಭಾಷೆಯಾದ ಪಿಎಚ್‌ಪಿಯ ಸಾಧಾರಣ ಎಣಿಕೆಗೆ 24. ಊರಿನ ಹೆಸರಿನ ಉದ್ದ 20ನ್ನು ಮೀರಬಾರದೆಂಬ ನಿಯಮವನ್ನು ಪುಟದಲ್ಲಿ ಒಂದು ಭಾಷೆಯಲ್ಲಿಯೂ ಸರ್ವರಿನಲ್ಲಿ ಇನ್ನೊಂದರಲ್ಲಿಯೂ ಎಚ್ಚರವಿಲ್ಲದೆ ಬರೆದರೆ, ಪುಟವು ಒಪ್ಪಿದ ಅರ್ಜಿಯನ್ನು ಸರ್ವರ್ ತಳ್ಳಿಹಾಕುತ್ತದೆ, ರೈತನಿಗೆ ಕಾರಣವೇ ತಿಳಿಯುವುದಿಲ್ಲ. ಎರಡು ಕಡೆಯೂ ಜಾವಾಸ್ಕ್ರಿಪ್ಟ್ ಇದ್ದಲ್ಲಿ ಒಮ್ಮೆ ಬರೆದ ಪರೀಕ್ಷೆಯೇ ಉಭಯತ್ರ ನಡೆಯುತ್ತದೆ. ಒಬ್ಬನೇ ತರುಣನು ಇಡೀ ಕೆಲಸವನ್ನು ಹೊತ್ತಿರುವ ಸಣ್ಣ ಸಂಸ್ಥೆಗೆ ಇದು ಅಲ್ಪ ಲಾಭವಲ್ಲ. ಡೇಟಾಬೇಸಿನ ಉತ್ತರಕ್ಕೆ ಕಾಯುವಾಗ ಸುಮ್ಮನಿರದೆ ಬೇರೆಯವರ ಕೋರಿಕೆಯನ್ನು ಕೈಗೆತ್ತಿಕೊಳ್ಳುವುದೂ ನೋಡ್‌ನ ಒಳ್ಳೆಯ ಸ್ವಭಾವವೇ.

ಆದರೆ ಹಣದ ವಿಷಯದಲ್ಲಿ ಈ ಭಾಷೆಯ ಸಡಿಲತೆಯು ಭಯ ಹುಟ್ಟಿಸುವಂಥದು. ಅರ್ಜಿಯಲ್ಲಿ ತುಂಬಿದ 500 ಪಠ್ಯರೂಪದಲ್ಲಿ ಬರುವುದರಿಂದ, ಅದನ್ನು ಸಂಖ್ಯೆಯಾಗಿ ಪರಿವರ್ತಿಸದೆ 100ನ್ನು ಕೂಡಿದರೆ ದೊರೆಯುವುದು 600 ಅಲ್ಲ, 500100. ತಪ್ಪಾಯಿತೆಂಬ ಸೂಚನೆಯೂ ಬಾರದು. 2012ರಲ್ಲಿ ಮೈಕ್ರೋಸಾಫ್ಟ್ ಹೊರತಂದ, ಜಾವಾಸ್ಕ್ರಿಪ್ಟಿಗೆ ಮೌಲ್ಯಗಳ ಬಗೆಯನ್ನು ಗೊತ್ತುಪಡಿಸುವ ಪದ್ಧತಿ ಸೇರಿಸಿದ ಟೈಪ್‌ಸ್ಕ್ರಿಪ್ಟ್ ಇಂತಹ ಅನೇಕ ದೋಷಗಳನ್ನು ಬರೆಯುವಾಗಲೇ ಹಿಡಿಯುವುದಾದರೂ, ಕೋಡ್ ಓಡುವ ವೇಳೆಗೆ ಅದರ ಕಾವಲು ಉಳಿದಿರುವುದಿಲ್ಲವಾದ್ದರಿಂದ, ಹೊರಗಿನಿಂದ ಬಂದುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಇನ್ನು ದಶಮಾಂಶಗಳಲ್ಲಿ 0.1ಕ್ಕೆ 0.2 ಸೇರಿದರೆ 0.30000000000000004 ಬರುವುದು ಇತರ ಹಲವು ಭಾಷೆಗಳಿಗೂ ಸಮಾನವಾದ ದೋಷ. ಲೆಕ್ಕವನ್ನು ರೂಪಾಯಿಯಲ್ಲಿಡದೆ ಪೈಸೆಯ ಪೂರ್ಣಾಂಕದಲ್ಲಿಟ್ಟರೆ ಆಯಿತು. ಮತ್ತೊಂದು ತೊಡಕು ವೇಗದ್ದು. ವರ್ಷಾಂತ್ಯದಲ್ಲಿ ಸದಸ್ಯರೆಲ್ಲರ ಬಡ್ಡಿಯನ್ನು ಒಂದೇ ಉಸಿರಿಗೆ ಗಣಿಸತೊಡಗಿದರೆ, ನೋಡ್‌ನ ಕೆಲಸ ನಡೆಸುವ ಮುಖ್ಯ ಎಳೆ (ಥ್ರೆಡ್) ಒಂದೇ ಆದುದರಿಂದ, ಆ ಲೆಕ್ಕ ಮುಗಿಯುವತನಕ ಉಳಿದ ಗ್ರಾಹಕರೆಲ್ಲ ಕಾಯಬೇಕಾದೀತು. ಅದನ್ನು ಪ್ರತ್ಯೇಕ ಪ್ರಕ್ರಿಯೆಗೆ ಒಪ್ಪಿಸುವುದು ವಿಹಿತ.

ಇವೆಲ್ಲಕ್ಕಿಂತ ನನಗೆ ಕಳವಳಕಾರಿಯಾಗಿ ತೋರುವುದು ಇತರರು ಬರೆದಿಟ್ಟ ಸಿದ್ಧ ಕೋಡಿನ ತುಣುಕುಗಳ, ಎಂದರೆ ಪ್ಯಾಕೇಜುಗಳ, ಮೇಲಿನ ಪರಾವಲಂಬನೆ. 2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲುಗಳ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ, ಅದನ್ನು ಪರೋಕ್ಷವಾಗಿ ನೆಚ್ಚಿದ್ದ ಅಸಂಖ್ಯ ತಂತ್ರಾಂಶಗಳ ನಿರ್ಮಾಣವೇ ಜಗತ್ತಿನಾದ್ಯಂತ ನಿಂತುಹೋಯಿತು. ಇಷ್ಟೆಲ್ಲ ಇದ್ದರೂ, ಒಂದೇ ಭಾಷೆಯ ಲಾಭಕ್ಕಾಗಿ ನಮ್ಮ ಸಂಘವು ಜಾವಾಸ್ಕ್ರಿಪ್ಟನ್ನೇ ಆರಿಸಲಿ ಎಂಬುದು ನನ್ನ ಮತ. ಆದರೆ ಕೈಯಿಂದ ಬರೆಯಬಹುದಾದ ಹತ್ತು ಸಾಲಿಗೆ ಹೊರಗಿನ ಪ್ಯಾಕೇಜನ್ನು ತಾರದಿರಲಿ, ತಂದವುಗಳ ಆವೃತ್ತಿಯನ್ನು ಗೊತ್ತುಪಡಿಸಿ, ಅವುಗಳ ನವೀಕರಣಕ್ಕೆಂದು ವರ್ಷವರ್ಷವೂ ಸ್ವಲ್ಪ ಹಣವನ್ನು ಬಜೆಟ್ಟಿನಲ್ಲಿ ಮೀಸಲಿಡಲಿ.