ಗೋಪುರದ ಡಿಜಿಟಲ್ ಟೆಲಿವಿಷನ್ ಪ್ರಸಾರ: ಗ್ರಾಮಗಳಲ್ಲಿ ಅದನ್ನು ಪಡೆಯುವ ಕ್ರಮ

ಮಳೆಯ ಮುನ್ಸೂಚನೆ, ಪೇಟೆಯ ಧಾರಣೆ, ಬೆಳೆಗೆ ತಗಲುವ ರೋಗ ಮತ್ತು ಕೀಟಗಳ ಎಚ್ಚರಿಕೆ, ಇವು ಸಕಾಲದಲ್ಲಿ ತಿಳಿದುಬಂದರೆ ಬೇಸಾಯಗಾರನಿಗೆ ಆಗುವ ಪ್ರಯೋಜನವನ್ನು ಗ್ರಾಮದ ಯಜಮಾನರಿಗೂ ಹಿಡುವಳಿದಾರರಿಗೂ ವಿಸ್ತರಿಸಿ ಹೇಳಬೇಕಾದುದಿಲ್ಲ. ಇಂತಹ ಸಮಾಚಾರವನ್ನು ತಿಂಗಳ ಬಾಡಿಗೆಯಿಲ್ಲದೆ ಮನೆಯೊಳಕ್ಕೆ ತರುವ ಸಾಧನಗಳಲ್ಲಿ ನೆಲದ ಮೇಲಿನ ಗೋಪುರದ ಟೆಲಿವಿಷನ್ ಪ್ರಸಾರವೂ ಒಂದು. ಈಚಿನ ವರ್ಷಗಳಲ್ಲಿ ಈ ಪ್ರಸಾರದ ಸ್ವರೂಪವೇ ಬದಲಾಗಿದೆ. ಬದಲಾವಣೆಯನ್ನು ಅರಿಯದವರು ಕೆಲಸಕ್ಕೆ ಬಾರದ ಉಪಕರಣಗಳಿಗೆ ಹಣ ತೆತ್ತು ನಷ್ಟಪಡುವ ಸಂಭವವಿರುವುದರಿಂದ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಹಿಂದಿನ ವೃತ್ತಾಂತ

ನಮ್ಮ ದೇಶದಲ್ಲಿ ಬೇಸಾಯಗಾರರಿಗೆಂದೇ ಏರ್ಪಟ್ಟ ‘ಕೃಷಿ ದರ್ಶನ’ ಎಂಬ ಟೆಲಿವಿಷನ್ ಕಾರ್ಯಕ್ರಮವು 1967ನೆಯ ಇಸವಿ ಜನವರಿ 26ರಂದು ದೆಹಲಿಯಲ್ಲಿ ಆರಂಭವಾಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಕೃತಕ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ಶಿಕ್ಷಣ, ಬೇಸಾಯ ಮತ್ತು ಆರೋಗ್ಯದ ಕಾರ್ಯಕ್ರಮಗಳನ್ನು ಕಳುಹಿಸುವ ಪ್ರಯೋಗವೊಂದು ನಡೆಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಗ್ರಾಮಗಳು ಅದರಲ್ಲಿ ಸೇರಿದ್ದವು. ತಂತಿಜಾಲರಿಯಿಂದ ಮಾಡಿದ ಸುಮಾರು 3 ಮೀಟರ್ ಅಗಲದ ಬೋಗುಣಿಯಂತಹ ಆಂಟೆನಾವನ್ನು ನಿಲ್ಲಿಸಿ, ಊರಿಗೆಲ್ಲ ಒಂದೇ ಸೆಟ್ಟನ್ನು ಇಟ್ಟು, ಗ್ರಾಮಸ್ಥರು ಒಟ್ಟಾಗಿ ಕುಳಿತು ನೋಡುವ ಏರ್ಪಾಡು ಅದು. ಆ ಪ್ರಯೋಗವು ಮುಗಿದ ಬಳಿಕ, 1977ರಲ್ಲಿ, ಈಗ ಕಲಬುರಗಿಯೆಂದು ಕರೆಯುವ ಗುಲ್ಬರ್ಗಾದಲ್ಲಿ ನೆಲದ ಪ್ರಸಾರ ಕೇಂದ್ರವು ಸ್ಥಾಪಿತವಾಯಿತು. ಮುಂದೆ ಇತರ ಜಿಲ್ಲೆಗಳಲ್ಲಿಯೂ ಗೋಪುರಗಳೆದ್ದು, ಮನೆಮನೆಯ ಮೇಲೂ ಆಂಟೆನಾ ಕಾಣಿಸಿಕೊಂಡುದು ಎಲ್ಲರೂ ಬಲ್ಲ ಸಂಗತಿ.

ಈ ಗೋಪುರಗಳದು ಅನಲಾಗ್ ಎಂಬ ಹಳೆಯ ಕ್ರಮದ ಪ್ರಸಾರ. ಗಡಿ ಮೊದಲಾದ ವಿಶೇಷ ಮಹತ್ವದ ಸುಮಾರು 50 ಸ್ಥಳಗಳ ಹೊರತು ದೇಶದಲ್ಲೆಲ್ಲ ಇದನ್ನು 2022ರ ಮಾರ್ಚ್ 31ರೊಳಗೆ ಹಂತ ಹಂತವಾಗಿ ನಿಲ್ಲಿಸಲು ಪ್ರಸಾರ ಭಾರತಿಯು ನಿರ್ಧರಿಸಿತು. ಅದಕ್ಕೆ ಮೊದಲೇ, 2016ರಲ್ಲಿ, ದೇಶದ 16 ನಗರಗಳಲ್ಲಿ ದೂರದರ್ಶನವು ನೆಲದ ಗೋಪುರಗಳಿಂದ ಡಿಜಿಟಲ್ ಪ್ರಸಾರವನ್ನು ಆರಂಭಿಸಿತ್ತು. ಬೆಂಗಳೂರು ಅವುಗಳಲ್ಲೊಂದು. ಆದುದರಿಂದ ನೆಲದ ಪ್ರಸಾರವು ಹಿಂದಿನಂತೆ ಜಿಲ್ಲೆ ಜಿಲ್ಲೆಗೂ ಹರಡಿದ ವಸ್ತುವಲ್ಲ, ದೊಡ್ಡ ನಗರಗಳ ಸುತ್ತಲಿನ ಸೀಮೆಗೆ ಸೇರಿದ ವಸ್ತುವೆಂದು ಮೊದಲು ಮನಗಾಣತಕ್ಕದ್ದು.

ಹೊಸ ಪ್ರಸಾರದ ಸ್ವಭಾವ

ಹಳೆಯ ಪ್ರಸಾರದಲ್ಲಿ ಗೋಪುರದಿಂದ ದೂರ ಹೋದಷ್ಟೂ ಚಿತ್ರವು ಮಸುಕಾಗುತ್ತಿದ್ದಿತು. ಪರದೆಯ ಮೇಲೆ ಚುಕ್ಕೆಗಳು ಉದುರುತ್ತಿದ್ದವು. ಆದರೂ ಸ್ವರವು ಕೇಳಿಸುತ್ತಿದ್ದಿತು, ಮುಖವು ಗುರುತು ಸಿಗುತ್ತಿದ್ದಿತು. ಡಿಜಿಟಲ್ ಪ್ರಸಾರದ ರೀತಿ ಹಾಗಲ್ಲ. ಚಿತ್ರವನ್ನೂ ಸ್ವರವನ್ನೂ ಅಂಕಿಗಳಾಗಿ ಮಾರ್ಪಡಿಸಿ, ದಾರಿಯಲ್ಲಿ ಕೆಟ್ಟ ಅಂಕಿಗಳನ್ನು ತಿದ್ದಿಕೊಳ್ಳಲು ಬೇಕಾದ ಹೆಚ್ಚಿನ ಅಂಕಿಗಳನ್ನೂ ಜೊತೆಗೆ ಕಳುಹಿಸುತ್ತಾರೆ. ತಿದ್ದಲು ಸಾಧ್ಯವಿರುವವರೆಗೆ ಚಿತ್ರವು ನಿರ್ಮಲವಾಗಿರುತ್ತದೆ. ಆ ಮಿತಿಯನ್ನು ಮೀರಿದೊಡನೆ ಚಿತ್ರವು ಚೌಕ ಚೌಕವಾಗಿ ಒಡೆದು, ನಿಂತು, ಇಲ್ಲವಾಗುತ್ತದೆ. ಕೆರೆಯ ಏರಿಯು ಒಡೆಯುವ ಗಳಿಗೆಯವರೆಗೂ ನೀರನ್ನು ಹಿಡಿದೇ ಇರುವಂತೆ ಇದರ ನಡತೆ.

ಇದರಿಂದ ಗ್ರಹಿಸಬೇಕಾದ ಮುಖ್ಯ ಮಾತು ಇಷ್ಟೆ: ಇಂದು ಚಿತ್ರವು ಚೆನ್ನಾಗಿ ಕಂಡ ಮಾತ್ರಕ್ಕೆ ನಾಳೆಯೂ ಕಾಣುವುದೆಂದು ನಂಬಲಾಗದು. ತೋಟದ ಎಲೆಗಳು ಮಳೆಯಲ್ಲಿ ನೆನೆದಾಗ, ಗಾಳಿಗೆ ಕಂಬವು ಅಲುಗಿದಾಗ, ಅಲೆಯ ಬಲವು ಸ್ವಲ್ಪ ಕುಗ್ಗಿದರೂ ಮಿತಿ ಮೀರಬಹುದು. ಮಳೆಯ ಸುದ್ದಿ ಅತ್ಯವಶ್ಯವಾದ ದಿನವೇ ಪೆಟ್ಟಿಗೆಯು ಮೂಕವಾದರೆ ಪ್ರಯೋಜನವೇನು? ಆದುದರಿಂದ ಕೇವಲ ಚಿತ್ರವನ್ನು ನೋಡಿ ತೃಪ್ತರಾಗದೆ, ಸೆಟ್ಟಿನಲ್ಲಿಯೇ ಇರುವ ಅಲೆಯ ಬಲ ಮತ್ತು ಗುಣಗಳ ಸೂಚಕವನ್ನು ತೆರೆದು, ಬೇಕಾದುದಕ್ಕಿಂತ ಹೆಚ್ಚಿನ ಬಲವು ಉಳಿತಾಯವಾಗಿ ಇರುವಂತೆ ಆಂಟೆನಾವನ್ನು ನಿಲ್ಲಿಸತಕ್ಕದ್ದು.

ದೂರ ಮತ್ತು ಎತ್ತರ

ಈ ಅಲೆಗಳು ಹೆಚ್ಚು ಕಡಿಮೆ ನೇರವಾಗಿ ಚಲಿಸತಕ್ಕವು. ಭೂಮಿಯ ಬಾಗನ್ನು ಅಲ್ಪಮಾತ್ರ ಅನುಸರಿಸುತ್ತವೆ. ಗೋಪುರವು ಎಷ್ಟು ದೂರವನ್ನು ಮುಟ್ಟುವುದೆಂದು ಅಂದಾಜು ಮಾಡಲು ಸುಲಭವಾದ ಲೆಕ್ಕವೊಂದಿದೆ. ಗೋಪುರದ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ಕಿಲೋಮೀಟರುಗಳು ಬರುತ್ತವೆ. ನಮ್ಮ ಆಂಟೆನಾದ ಎತ್ತರಕ್ಕೂ ಹೀಗೆಯೇ ಲೆಕ್ಕ ಮಾಡಿ ಎರಡನ್ನೂ ಕೂಡಿಸತಕ್ಕದ್ದು. ಗೋಪುರವು 100 ಮೀಟರ್ ಇದ್ದರೆ 41 ಕಿಲೋಮೀಟರ್, ಆಂಟೆನಾ 9 ಮೀಟರ್ ಇದ್ದರೆ ಸುಮಾರು 12 ಕಿಲೋಮೀಟರ್, ಒಟ್ಟು 53. ಇದು ಬಯಲು ಸೀಮೆಯ ಲೆಕ್ಕ. ನಡುವೆ ಗುಡ್ಡವಿದ್ದರೆ ಲೆಕ್ಕವು ನಡೆಯದು. ಗೋಪುರವೇ ಗುಡ್ಡದ ಮೇಲಿದ್ದರೆ ಇನ್ನೂ ದೂರ ಸಾಗುವುದು.

ಇದೇ ಲೆಕ್ಕದಿಂದ ಮತ್ತೊಂದು ವಿಷಯವೂ ತಿಳಿದುಬರುತ್ತದೆ. ಆಂಟೆನಾವನ್ನು 4 ಮೀಟರಿನಿಂದ 16 ಮೀಟರಿಗೆ ಏರಿಸಿದರೂ ದೊರೆಯುವ ದೂರವು ಸುಮಾರು 8 ಕಿಲೋಮೀಟರ್ ಮಾತ್ರ. ಅತಿ ಎತ್ತರದ ಕಂಬಕ್ಕೆ ಹಣ ಸುರಿಯುವ ಮೊದಲು, ಊರಿನಲ್ಲಿ ಸ್ವಾಭಾವಿಕವಾಗಿ ಎತ್ತರವಾದ, ತೆಂಗು ಅಡಕೆಗಳ ಮರೆಯಿಲ್ಲದ ಸ್ಥಳವನ್ನು ಹುಡುಕುವುದು ಲಾಭಕರ.

ಆಂಟೆನಾ ಮತ್ತು ಕೇಬಲ್

ಆಂಟೆನಾದ ಮುಖ್ಯ ಕಡ್ಡಿಯ ಉದ್ದವು ಅಲೆಯ ಉದ್ದದ ಅರ್ಧಕ್ಕೆ ಸರಿಯಾಗಿರಬೇಕು. ಸೆಕೆಂಡಿಗೆ 50 ಕೋಟಿ ಕಂಪನಗಳ, ಎಂದರೆ 500 ಮೆಗಾಹರ್ಟ್ಸ್‌ನ ಅಲೆಯ ಉದ್ದ 60 ಸೆಂಟಿಮೀಟರ್. ಅದಕ್ಕೆ 30 ಸೆಂಟಿಮೀಟರಿನ ಕಡ್ಡಿ ಸಾಕು. ಹಳೆಯ ಪ್ರಸಾರಗಳಲ್ಲಿ ಅನೇಕವು ಇದಕ್ಕಿಂತ ಬಹಳ ಉದ್ದವಾದ ಅಲೆಗಳಲ್ಲಿ ಬರುತ್ತಿದ್ದವು. ಆದುದರಿಂದ ಮನೆಯ ಮೇಲೆ ಉಳಿದಿರುವ ಉದ್ದ ಕಡ್ಡಿಗಳ ಆಂಟೆನಾ ಹೊಸ ಪ್ರಸಾರಕ್ಕೆ ಒದಗೀತೆಂದು ಎಣಿಸಬಾರದು. ಹಲವು ಕಡ್ಡಿಗಳುಳ್ಳ ಆಂಟೆನಾದಲ್ಲಿ ಗಿಡ್ಡ ಕಡ್ಡಿಗಳ ತುದಿಯು ಗೋಪುರದ ಕಡೆಗೂ, ಉದ್ದವಾದುದು ಹಿಂದಕ್ಕೂ ಇರತಕ್ಕದ್ದು.

ಕಾಲುವೆಯಲ್ಲಿ ನೀರು ಇಂಗುವಂತೆ ಕೇಬಲಿನಲ್ಲಿಯೂ ಅಲೆಯ ಬಲವು ಇಂಗುತ್ತದೆ. ಸಾಧಾರಣವಾಗಿ ಬಳಕೆಯಲ್ಲಿರುವ ಆರ್‌ಜಿ-6 ಕೇಬಲಿನಲ್ಲಿ, ಮೇಲೆ ಹೇಳಿದ ಅಲೆಗೆ, 20 ಮೀಟರಿಗೆ ಸುಮಾರು ಅರ್ಧ ಬಲವು ನಷ್ಟವಾಗುವುದು. ಬೂಸ್ಟರನ್ನು ಕೂಡಿಸಬೇಕಾದರೆ ಅದನ್ನು ಕಂಬದ ಮೇಲೆ ಆಂಟೆನಾದ ಬಳಿಯಲ್ಲಿಯೇ ಕೂಡಿಸಬೇಕು. ಕೇಬಲಿನ ಕೊನೆಯಲ್ಲಿ ಕೂಡಿಸಿದರೆ, ಕ್ಷೀಣಿಸಿದ ಅಲೆಯೊಡನೆ ಬೆರೆತ ಗದ್ದಲವೂ ಸರಿಸಮನಾಗಿ ಬೆಳೆಯುವುದು. ಗೋಪುರಕ್ಕೆ ಸಮೀಪವಾದ ಊರುಗಳಲ್ಲಿ ಬೂಸ್ಟರಿನಿಂದ ಅಲೆಯು ಅತಿಯಾಗಿ ಚಿತ್ರವು ಕೆಡುವುದೂ ಉಂಟು.

ಸಿಡಿಲಿನ ವಿಚಾರದಲ್ಲಿ ಉದಾಸೀನ ಸಲ್ಲದು. ಲೋಹದ ಕಂಬವನ್ನು ದಪ್ಪ ತಂತಿಯಿಂದ ಭೂಮಿಗೆ ಸರಿಯಾಗಿ ಸೇರಿಸತಕ್ಕದ್ದು. ಕಂಬವು ಉರುಳಿದರೂ ವಿದ್ಯುತ್ ತಂತಿಗೆ ತಾಕದಷ್ಟು ದೂರದಲ್ಲಿ ಅದನ್ನು ನೆಡತಕ್ಕದ್ದು. ಗುಡುಗು ಸಿಡಿಲುಗಳ ಸೂಚನೆಯಿದ್ದಾಗ, ಅವು ಆರಂಭವಾಗುವುದಕ್ಕೆ ಮೊದಲೇ ಕೇಬಲನ್ನು ಸೆಟ್ಟಿನಿಂದ ಬೇರ್ಪಡಿಸುವುದು ಕ್ಷೇಮ. ಹಳೆಯ ಪ್ರಸಾರ ನಿಂತ ಊರುಗಳಲ್ಲಿ ತುಕ್ಕು ಹಿಡಿದು ನಿಂತಿರುವ ಕಂಬಗಳಿಂದ ಅಪಾಯವೇ ಹೊರತು ಉಪಯೋಗವಿಲ್ಲ. ಅವುಗಳನ್ನು ತಿಳಿದವರಿಂದ ಇಳಿಸುವುದೇ ಉತ್ತಮ.

ಕೊಳ್ಳುವ ಮೊದಲು

ಗೋಪುರದ ಡಿಜಿಟಲ್ ಪ್ರಸಾರವನ್ನು ಹಿಡಿಯಬೇಕಾದರೆ ಸೆಟ್ಟಿನಲ್ಲಿಯಾಗಲಿ ಪ್ರತ್ಯೇಕ ಪೆಟ್ಟಿಗೆಯಲ್ಲಿಯಾಗಲಿ ಡಿವಿಬಿ-ಟಿ2 ಎಂಬ ಏರ್ಪಾಡು ಇರಲೇಬೇಕು. ಡಿಶ್ ಆಂಟೆನಾದೊಡನೆ ಕೊಡುವ ಪೆಟ್ಟಿಗೆಯು ಉಪಗ್ರಹದ ಅಲೆಗೆ ಮಾತ್ರ ಸಲ್ಲುವುದು. ಅದರಿಂದ ಗೋಪುರದ ಅಲೆಯನ್ನು ಹಿಡಿಯಲಾಗದು. ಎರಡೂ ನೋಡಲು ಒಂದೇ ತರಹ ಇರುವುದರಿಂದ ಅಂಗಡಿಯಲ್ಲಿ ಮೋಸಹೋಗದಂತೆ ಎಚ್ಚರದಿಂದಿರಬೇಕು. ಅಲ್ಲದೆ, ದೂರದರ್ಶನ ಕೇಂದ್ರದಲ್ಲಿ ವಿಚಾರಿಸಿ, ಒಂದು ಸೆಟ್ಟನ್ನು ಎರವಲು ತಂದು ನಮ್ಮ ಊರಿನಲ್ಲಿಯೇ ಪರೀಕ್ಷಿಸಿ ನೋಡಿದ ಹೊರತು ಹಣ ಕೊಡಬಾರದು.

ಗೋಪುರದ ಅಲೆಯು ಮುಟ್ಟದ ಗ್ರಾಮಗಳಿಗೆ ಡಿಡಿ ಫ್ರೀ ಡಿಶ್ ಎಂಬ ಉಪಗ್ರಹ ಪ್ರಸಾರವಿದೆ. 2004ರಲ್ಲಿ ಆರಂಭವಾದ ಇದಕ್ಕೆ ತಿಂಗಳ ಬಾಡಿಗೆಯಿಲ್ಲ. ಡಿಶ್ ಮತ್ತು ಪೆಟ್ಟಿಗೆಗಳಿಗೆ ಒಮ್ಮೆ ಮಾತ್ರ ವೆಚ್ಚ. ಕನ್ನಡದ ಡಿಡಿ ಚಂದನವೂ, 2015ರ ಮೇ 26ರಂದು ಬೇಸಾಯಗಾರರಿಗಾಗಿ ಆರಂಭವಾದ ಡಿಡಿ ಕಿಸಾನ್ ವಾಹಿನಿಯೂ ಇದರಲ್ಲಿ ದೊರೆಯುತ್ತವೆ. ನಮ್ಮ ನಾಡಿನಲ್ಲಿ ಡಿಶ್ಶನ್ನು ಆಗ್ನೇಯ ದಿಕ್ಕಿಗೆ ತಿರುಗಿಸಿ ಆ ಕಡೆಯ ಆಕಾಶವು ತೆರವಾಗಿರುವಂತೆ ನೋಡಿಕೊಂಡರೆ ಸಾಕು; ಗುಡ್ಡದ ಹಿಂದಿನ ಊರಿಗೂ ಅಲೆಯು ಮೇಲಿನಿಂದ ಇಳಿದುಬರುವುದು.

ಗ್ರಾಮದ ಮುಖ್ಯಸ್ಥರ ಕರ್ತವ್ಯ

ಹಳೆಯ ಪ್ರಸಾರವು ನಿಂತಾಗ ಅನುಕೂಲಸ್ಥರು ಹೊಸ ಉಪಕರಣಗಳನ್ನು ಕೊಂಡುಕೊಂಡರು. ಹಳೆಯ ಸೆಟ್ಟು ಮತ್ತು ಕೋಲಿನ ಆಂಟೆನಾವನ್ನೇ ನಂಬಿದ್ದ ಬಡ ಒಕ್ಕಲಿಗನ ಮನೆಯಲ್ಲಿ ಪೆಟ್ಟಿಗೆಯು ಮೂಕವಾಯಿತು. ಮೇಲಿನ ಗದ್ದೆಗೆ ನೀರು ಹರಿದು ಕೊನೆಯ ಗದ್ದೆ ಒಣಗುವುದನ್ನು ಕಂಡು ಊರಿನ ಹಿರಿಯರು ಸುಮ್ಮನಿರುವುದಿಲ್ಲವಷ್ಟೆ. ಸಮಾಚಾರವೂ ಹಾಗೆಯೇ ಕೊನೆಯ ಮನೆಯನ್ನು ಮುಟ್ಟತಕ್ಕ ವಸ್ತು. ಹಿಂದೆ ಊರಿಗೆ ಒಂದೇ ಸೆಟ್ಟನ್ನಿಟ್ಟು ನಡೆಸಿದ ಪ್ರಯೋಗವು ಇಲ್ಲಿ ಮಾರ್ಗದರ್ಶಕವಾಗಿದೆ.

ಪಂಚಾಯತಿಯ ಕಟ್ಟಡದಲ್ಲಾಗಲಿ, ಶಾಲೆಯಲ್ಲಾಗಲಿ, ಹಾಲಿನ ಸಂಘದಲ್ಲಾಗಲಿ ಎಲ್ಲರೂ ಅಡ್ಡಿಯಿಲ್ಲದೆ ಬಂದು ಕೂಡಬಹುದಾದ ಸ್ಥಳದಲ್ಲಿ ಒಂದು ಒಳ್ಳೆಯ ಆಂಟೆನಾವನ್ನೂ ಒಂದು ಸೆಟ್ಟನ್ನೂ ಇರಿಸಿ, ಕೃಷಿ ಕಾರ್ಯಕ್ರಮದ ವೇಳೆಗೆ ತಪ್ಪದೆ ತೆರೆಯಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿದರೆ, ಪ್ರತಿ ಮನೆಗೂ ಪ್ರತ್ಯೇಕವಾಗಿ ತಗಲುವ ವೆಚ್ಚವಿಲ್ಲದೆ ಊರಿಗೆಲ್ಲ ಉಪಕಾರವಾಗುವುದು. ಯಜಮಾನರೂ ಹಿಡುವಳಿದಾರರೂ ಮುಂಗಾರಿಗೆ ಮೊದಲೇ ಊರಿನ ಸೆಟ್ಟುಗಳನ್ನೂ ಆಂಟೆನಾಗಳನ್ನೂ ಒಮ್ಮೆ ಪರಿಶೀಲಿಸಿ, ಯಾವ ಯಾವ ಮನೆಗಳಿಗೆ ಪ್ರಸಾರವು ತಪ್ಪಿದೆಯೆಂಬುದನ್ನು ಗೊತ್ತುಮಾಡಿ, ತಕ್ಕ ಏರ್ಪಾಡನ್ನು ಕೈಕೊಳ್ಳುವರೆಂದು ನಂಬಲಾಗಿದೆ.